ಮಂಚದ ಮೇಲೆ ಕೂತಿದ್ದವಳು

ಆಗ ನನಗೆ ಎಪ್ಪತ್ತೊಂದು. ಇದು ನಡೆದು ಎಂಟು ವರ್ಷವಾಯಿತು. ಅಲ್ಲಿಯವರೆಗೆ ಗಾಳಿ ಮೆಟ್ಟಿತು, ಏನೋ ಕಂಡಿತು ಎನ್ನುವವರನ್ನು ಹೊಟ್ಟೆ ತುಂಬ ಉಂಡು ಮಲಗಿ ಎಂದು ಬೈದು ಕಳಿಸುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳುವುದಿಲ್ಲ. ನಡೆದದ್ದನ್ನು ಮಾತ್ರ ಬರೆಯುತ್ತೇನೆ. ನನ್ನ ಓದು ಮೂರನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಳ್ಳಿ.

ನಾನು ಕೊಡಿಗೇಹಳ್ಳಿಯವಳು. ಆಗ ಸಹಕಾರನಗರದಲ್ಲಿ ಮಗಳು ಮಂಜುಳನ ಮನೆಯಲ್ಲಿದ್ದೆ. ಅವಳು ಮಹಡಿಯಲ್ಲಿ ಕೂತು ಬ್ಲೌಸ್ ಹೊಲಿಯುತ್ತಾಳೆ. ಹಿಂದಿನ ಮಳೆಗಾಲದಲ್ಲಿ ಜಾರಿ ಬಿದ್ದು ನನ್ನ ಎಡಗೈ ಮುರಿದಿತ್ತು. ಮೂಳೆ ಕೂಡಿದರೂ ಕೈ ಭುಜದ ಮಟ್ಟಕ್ಕೆ ಏಳುತ್ತಿರಲಿಲ್ಲ. ಮತ್ತೆ ಬಿದ್ದರೆ ಗೊತ್ತಾಗಲಿ ಎಂದು ಮೊಮ್ಮಗಳು ರಮ್ಯ ನನ್ನ ರೂಮಿನ ಗೋಡೆಗೆ ಕ್ಯಾಮೆರಾ ಹಾಕಿದಳು. ಮಹಡಿಗೆ ವೈರು ಎಳೆಯಲಿಲ್ಲ, ಏನಿಲ್ಲ. ನಾನು ಕೆಳಗೆ ಮಗ್ಗುಲು ಬದಲಿಸಿದರೂ ಮೇಲೆ ಹೊಲಿಗೆ ಮಿಷನ್ನಿನ ಪಕ್ಕದ ಲ್ಯಾಪ್‌ಟಾಪಿನಲ್ಲಿ ಆಗಲೇ ಕಾಣುತ್ತಿತ್ತು. ಮಂಜುಳ ಅಲ್ಲಿಂದ ಮಾತಾಡಿದರೆ ಕ್ಯಾಮೆರಾದಿಂದ ಅವಳ ದನಿ ಬರುತ್ತಿತ್ತು. ನನ್ನ ದನಿ ಮಾತ್ರ ಮೇಲಕ್ಕೆ ಹೋಗುತ್ತಿರಲಿಲ್ಲ. ಬೇಕು, ಬೇಡ ಎಲ್ಲ ಕೈಸನ್ನೆಯಲ್ಲೇ.

ಅವರೆಕಾಯಿ ಕಾಲ. ಮಧ್ಯಾಹ್ನ ಉಂಡ ಮೇಲೆ ನೆನೆಸಿದ ಕಾಳಿನ ಬೇಸಿನ್ನನ್ನು ಮಂಚದ ಮೇಲಿಟ್ಟೆ. ಸಿಪ್ಪೆ ಹಿತುಕಲು ಕೂರುವ ಮುಂಚೆ ರೂಮಿನ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಕ್ಯಾಮೆರಾಕ್ಕೆ ಮಂಚ ಕಾಣುತ್ತದೆ, ಬಚ್ಚಲು ಕಾಣುವುದಿಲ್ಲ. ಚಿಲಕ ತೆಗೆಯಲು ಹೋದರೆ ಬರಲಿಲ್ಲ. ಬಲಗೈಯಲ್ಲಿ ಎಳೆದೆ, ಚೊಂಬಿನಲ್ಲಿ ಕುಟ್ಟಿದೆ. ಕಿಟಕಿ ಅಂಗೈಯಗಲ. ಕೂಗಿದೆ. ಮೇಲೆ ಮಿಷನ್ನು ಓಡುತ್ತಲೇ ಇತ್ತು. ಮಂಚ ಖಾಲಿ ಕಂಡರೆ ಬಂದೇ ಬರುತ್ತಾಳೆ ಎಂದು ಬಕೆಟ್ಟು ಬೋರಲು ಹಾಕಿ ಕೂತೆ.

ಬರಲಿಲ್ಲ. ಕಾಲು ಮರಗಟ್ಟಿತು, ಸೆರಗು ಬೆವರಿನಲ್ಲಿ ನೆನೆಯಿತು. ಸಾಯುವ ಭಯಕ್ಕಿಂತ, ಸತ್ತರೂ ಇಂಥ ಜಾಗದಲ್ಲೇ ಎಂದು ಸಿಟ್ಟು ಬಂತು. ಆಗ ಮಿಷನ್ನು ನಿಂತಿತು. ರೂಮಿನಲ್ಲಿ ಮಂಜುಳನ ದನಿ ಕೇಳಿಸಿತು.

"ಅಮ್ಮಾ, ಕಾಫಿ ತರ್ಲಾ?"

"ಬಾರೇ, ಬಾಗ್ಲು ಸಿಕ್ಕಾಕ್ಕೊಂಡೈತೆ" ಎಂದು ಕುಟ್ಟುತ್ತ ಕೂಗಿದೆ.

ಒಂದು ಗಳಿಗೆ ಬಿಟ್ಟು ಅವಳು ಹೇಳಿದಳು. "ಸರಿ, ಬೇಡಾಂದ್ರೆ ಬಿಡು. ಹಿತುಕಿ ಮುಗಿಸು, ಆಮೇಲ್ ಬರ್ತೀನಿ."

ಮಿಷನ್ನು ಮತ್ತೆ ಶುರುವಾಯಿತು.

ನಾನು ಕುಟ್ಟುವುದನ್ನು ನಿಲ್ಲಿಸಿದೆ. ಇವಳು ಯಾರನ್ನು ನೋಡಿ ಮಾತಾಡಿದಳು? ಬಾಗಿಲಿನ ಆಚೆ ಸದ್ದಿಲ್ಲ. ಅಷ್ಟು ಹೊತ್ತು ಚಿಲಕ ಕೀಳಲು ಒದ್ದಾಡಿದವಳು, ಅದು ಗಟ್ಟಿಯಾಗಿದೆಯೇ ಎಂದು ಕೈಯಿಟ್ಟು ನೋಡಿಕೊಂಡೆ.

ರಮ್ಯ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಸದ್ದು ಕೇಳಿದ ಮೇಲೇ ಬಾಯಿ ಬಿಟ್ಟೆ. ಅವಳು ಬಾಗಿಲು ಒದ್ದು ತೆಗೆದಳು. ಗಲಾಟೆಗೆ ಇಳಿದು ಬಂದ ಮಂಜುಳ ನನ್ನನ್ನು ನೋಡಿ ಹೊಸಲಲ್ಲೇ ನಿಂತಳು.

"ಈಗ್ ತಾನೆ ಮಂಚದ್ ಮೇಲಿದ್ಯಲ್ಲಮ್ಮಾ. ಊಟ ಆದಾಗಿಂದ ನೋಡ್ತಾನೇ ಇದೀನಿ."

ಹಳೆಯ ಚಿತ್ರವೇ ನಿಂತುಬಿಟ್ಟಿರುತ್ತದೆ, ನೆಟ್ ಹಾಗೆ ಮಾಡುತ್ತದೆ ಎಂದಳು ರಮ್ಯ. ನನಗೂ ಅದೇ ಸರಿ ಅನಿಸಿತು. ಮಂಜುಳ ಒಪ್ಪಲಿಲ್ಲ. ನಿಂತ ಚಿತ್ರ ಕಾಳು ಹಿತುಕುತ್ತದೆಯೇ ಎಂದಳು. ಆಮೇಲೆ ದನಿ ತಗ್ಗಿಸಿದಳು.

"ಕಾಫಿ ಬೇಡಾಂತ ಎಡಗೈ ಎತ್ತಿ ಆಡಿಸ್ದೆ. ಸದ್ಯ, ಕೈ ವಾಸಿ ಆಯ್ತಲ್ಲಾ ಅಂತ ಖುಷಿ ಪಟ್ಟೆ."

ಮೂವರೂ ಬೇಸಿನ್ನು ನೋಡಿದೆವು. ಒಂದು ಕಾಳನ್ನೂ ಹಿತುಕಿರಲಿಲ್ಲ.

ಚಿತ್ರ ಕನ್ನಡಿಯ ಹಾಗೆ ತಿರುಗಿತ್ತು, ಅದು ಬಲಗೈ ಎಂದು ರಮ್ಯ ಇವತ್ತಿಗೂ ವಾದ ಮಾಡುತ್ತಾಳೆ. ತಿರುಗಲಿ. ನನ್ನ ಬಲಗೈ ಆಗ ಬಾಗಿಲು ಕುಟ್ಟುತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ಮೊದಲು ಬಚ್ಚಲಿನ ಚಿಲಕ ಕೀಳಿಸಿದೆ. ಆಮೇಲೆ, ಕೈ ಮುರಿದಾಗಿನಿಂದ ಹತ್ತದ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿ ಲ್ಯಾಪ್‌ಟಾಪಿನ ಮುಂದೆ ಕೂತೆ. ಮಂಚ, ಅದರ ಮೇಲೆ ಹಿಂದಿನ ದಿನ ಇಟ್ಟ ಹಾಗೇ ಇದ್ದ ಬೇಸಿನ್ನು. "ಕಾಫಿ ಬೇಕೇನೇ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಕಾದೆ. ಮಂಚ ಖಾಲಿಯೇ ಇತ್ತು. ಕೆಳಗಿಳಿದು ಬೇಸಿನ್ನು ಎತ್ತಿಕೊಂಡು ಹೋಗಿ, ಅಡುಗೆಮನೆಯ ನೆಲದ ಮೇಲೆ ಕೂತು, ಅಷ್ಟೂ ಕಾಳನ್ನು ನಾನೇ ಹಿತುಕಿದೆ.