ಚಹಾ ಲೆಕ್ಕಕ್ಕಿಲ್ಲ

ವಾರಕ್ಕೊಮ್ಮೆ ಕಾಯಿಲೆ ಬೀಳುವುದು ನನ್ನ ಕೆಲಸ. ಸಹಪಾಠಿಗಳ ಅಜಾಗರೂಕತೆಯಿಂದ ಒಂದೆರಡು ಸಲ ಸತ್ತೂ ಇದ್ದೇನೆ. ಸತ್ತಮೇಲೆ ಎದ್ದುಹೋಗಿ ಕ್ಯಾಂಟೀನಿನಲ್ಲಿ ಗಿರಮಿಟ್ ತಿಂದಿದ್ದೇನೆ. ಈ ಭಾಗ್ಯ ಬೈಲಹೊಂಗಲದಲ್ಲಿ ನರ್ಸಿಂಗ್ ಓದುವ ಎಲ್ಲರಿಗೂ ಸಿಗುವಂಥದಲ್ಲ.

ಇದು ಸಿಕ್ಕಿದ್ದು ನನ್ನ ಕೆಟ್ಟ ಚಾಳಿಯಿಂದ. ಯಾರನ್ನು ಕಂಡರೂ ಅವರ ದನಿ ನನ್ನ ಗಂಟಲಲ್ಲಿ ಬಂದು ಕೂತುಬಿಡುತ್ತದೆ. ರಾಮದುರ್ಗದ ಬಸ್ಸಿನ ಕಂಡಕ್ಟರು, ಯರಗಟ್ಟಿ ಪೇಟೆಯಲ್ಲಿ ಮೆಣಸಿನಕಾಯಿಗೆ ಚೌಕಾಸಿ ಮಾಡುವ ಹೆಂಗಸು, ಕೊನೆಗೆ ನಮ್ಮ ಮೇಡಂ. ಮೇಡಂ ಬಾಗಿಲಲ್ಲಿ ನಿಂತಿದ್ದು ಗೊತ್ತಾಗದೆ ಒಂದು ದಿನ ಅವರದೇ ದನಿಯಲ್ಲಿ ಹಾಜರಿ ಕೂಗುತ್ತಿದ್ದೆ. ಒಳಗೆ ಬಂದವರು, "ನನ್ನ ಧ್ವನಿ ಛಲೋ ತಗೀತಿ. ರೋಗಿ ಧ್ವನಿ ಬರ್ತೈತೇನು?" ಎಂದರು. ಬೈಸಿಕೊಳ್ಳಲು ತಯಾರು ಮಾಡಿಟ್ಟುಕೊಂಡಿದ್ದ ಮುಖದಲ್ಲೇ ನೌಕರಿ ಒಪ್ಪಿಕೊಂಡೆ.

ಅಲ್ಲಿಯವರೆಗೆ ನಮಗಿದ್ದ ರೋಗಿಯೆಂದರೆ ಲ್ಯಾಬಿನ ಪ್ಲಾಸ್ಟಿಕ್ ಗೊಂಬೆ. ಎಷ್ಟು ಚುಚ್ಚಿದರೂ 'ಯವ್ವಾ' ಎನ್ನದ ಮಹಾತ್ಮ. ಅದಕ್ಕೆ ಸೊಸೆಯ ಮೇಲೆ ಸಿಟ್ಟಿಲ್ಲ, ಸೂಜಿಯ ಭಯವಿಲ್ಲ, ಮುಚ್ಚಿಡಲು ಏನೂ ಇಲ್ಲ. ಮೇಡಂ ಅದನ್ನು ಮೂಲೆಗೆ ಸರಿಸಿ ನೆಲದ ಮೇಲೆ ಬಳಪದಿಂದ ಚೌಕಾಬಾರದ ಮನೆಗಳನ್ನು ಬರೆದರು. ಕವಡೆ ಹಾಕಬೇಕು. ಕಾಯಿ ನಡೆಸುವ ಮೊದಲು ರೋಗಿಯಾದ ನನ್ನನ್ನು ಸರಿಯಾಗಿ ಕೇಳಬೇಕು, ನೋಡಬೇಕು. ಕೈ ತೊಳೆಯದೆ ಮುಟ್ಟಿದರೆ ಕಾಯಿ ವಾಪಸ್ ಮೊದಲ ಮನೆಗೆ. ರೋಗಿಗೆ ಒಂದೇ ಕಟ್ಟಳೆ: ಸುಳ್ಳು ಹೇಳಬಾರದು.

ಒಮ್ಮೆ ಆಪರೇಷನ್ನಿಗೆ ಹೋಗುವ ರೋಗಿಯ ಪಾರ್ಟು ಬಂತು. ಹೊಟ್ಟೆ ಖಾಲಿ ಇರಬೇಕು. ಇಲ್ಲದಿದ್ದರೆ ಎಚ್ಚರ ತಪ್ಪಿಸಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸನಾಳಕ್ಕಿಳಿಯಬಹುದು, ಜೀವಕ್ಕೇ ಅಪಾಯ. ಸಂಪಗಾಂವದ ನಮ್ಮ ದೊಡ್ಡವ್ವನನ್ನು ಮೈಮೇಲೆ ಬರಿಸಿಕೊಂಡು, ಯಾರದೋ ಓಢಣಿಯನ್ನು ಸೆರಗು ಮಾಡಿ ಹೊದ್ದು ಕೂತೆ. ಆಟಕ್ಕೆ ಬಂದವಳು ರೇಣುಕಾ. ಅವಳ ಮಾತು ಅವಳ ಕಿವಿಗೇ ಕೇಳುವುದಿಲ್ಲ ಎಂದು ನಾನು ಅಣಕಿಸುತ್ತಿದ್ದ ಹುಡುಗಿ.

"ಅಮ್ಮಾರ, ಮುಂಜಾನಿಂದ ಏನರ ತಗೊಂಡೀರೇನ್ರಿ?"

"ಏನೂ ಇಲ್ಲ ನನ್ನವ್ವಾ. ಹನಿ ನೀರ ಸೈತ ಮುಟ್ಟಿಲ್ಲ."

ಅವಳು ಕಾಯಿ ನಡೆಸಿದಳು. ನಾನು ನಾಲಗೆ ಚಾಚಿ ಸತ್ತೆ. ಪಾರ್ಟಿನ ದೊಡ್ಡವ್ವ ಬೆಳಿಗ್ಗೆ ಚಹಾ ಕುಡಿದಿದ್ದಳು; ಎದ್ದು ಅದನ್ನೂ ಸುರ್ ಎಂದು ಎಳೆದು ತೋರಿಸಿದೆ.

"ಸುಳ್ಳ ಹೇಳ್ಯಾನ್ರಿ ಮೇಡಂ, ಇಂವಾ."

"ಸುಳ್ಳಲ್ರಿ. ನಮ್ಮ ದೊಡ್ಡವ್ವಗ ಚಹಾ ಲೆಕ್ಕಕ್ಕಿಲ್ರಿ."

ಲೆಕ್ಕಕ್ಕಿಲ್ಲದ್ದು ದೊಡ್ಡವ್ವನೊಬ್ಬಳಿಗೇ ಅಲ್ಲ. ನಮ್ಮ ಕಡೆ ಸೋಮವಾರದ ಉಪವಾಸಕ್ಕೆ ಚಹಾದಿಂದ ಭಂಗವಿಲ್ಲ. ಬಂದವರು 'ಏನೂ ಬ್ಯಾಡ್ರಿ' ಅಂದರೆ ಚಹಾ ಮಾಡಿರಿ ಎಂದೇ ಅರ್ಥ. ಮೂರು ಮನೆಯಲ್ಲಿ ಕುಡಿದು ಬಂದವರೂ 'ಇನ್ನೂ ಏನೂ ಆಗಿಲ್ರಿ' ಎಂದು ನಾಲ್ಕನೆಯ ಮನೆಯಲ್ಲಿ ಪೂರ್ಣ ಪ್ರಾಮಾಣಿಕತೆಯಿಂದ ಹೇಳಬಲ್ಲರು. ಮೇಡಂ ನಕ್ಕು ತೀರ್ಪು ಕೊಟ್ಟರು: "ಊರ ಮಂದಿ ಹೇಳೂ ಹಂಗ ಹೇಳ್ಯಾನ. ನೀ ಊರ ಮಂದಿ ಹಂಗ ಕೇಳ, ರೇಣುಕಾ." ಕಾಯಿ ಮೊದಲ ಮನೆಗೆ ಹೋಯಿತು. ರೇಣುಕಾ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು. ಮೊದಲೇ ಆಡದವಳಾದ್ದರಿಂದ ನನಗದು ತಡವಾಗಿ ಗೊತ್ತಾಯಿತು.

ಮುಂದೆ ನಾವು ವಾರ್ಡಿಗೆ ಹೋಗುತ್ತಿದ್ದ ಆಸ್ಪತ್ರೆಗೇ ದೊಡ್ಡವ್ವ ಪಿತ್ತಕೋಶದ ಹರಳು ಹೊತ್ತು ಬಂದಳು. ಅವ್ವ ಹೊಲಕ್ಕೆ ಹೋದಾಗೆಲ್ಲ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆಪರೇಷನ್ನಿನ ಮುಂಜಾನೆ ನಾನೇ ಕೇಳಿದೆ, "ದೊಡ್ಡವ್ವಾ, ಏನರ ತಗೊಂಡಿಯೇನು?"

"ಏನೂ ಇಲ್ಲೋ ತಮ್ಮಾ. ಹನಿ ನೀರ ಸೈತ ಮುಟ್ಟಿಲ್ಲ."

ನಂಬಿಬಿಟ್ಟೆ. ಇಡೀ ಕ್ಲಾಸನ್ನು ನಗಿಸಿದ ಅದೇ ಮಾತು, ಅದೇ ರಾಗ. ಅಸಲಿನ ಬಾಯಲ್ಲಿ ಬಂದಾಗ ನನಗೆ ಗುರುತು ಸಿಗಲಿಲ್ಲ. ಅಂದು ನನ್ನ ಕಿವಿಯಲ್ಲಿ ಭಯ ಬಿಟ್ಟರೆ ಬೇರೇನೂ ಇರಲಿಲ್ಲ. ಸ್ಟ್ರೆಚರಿಗೆ ಕೈ ಹಾಕಿದ್ದೆ. ರೇಣುಕಾ ಬಂದು ಮಂಚದ ಅಂಚಿಗೆ ಕೂತಳು.

"ದೊಡ್ಡವ್ವಾರ, ಇವತ್ತ ಚಹಾ ಯಾರ ತಂದಕೊಟ್ರು?"

"ಬಾಜೂ ಕಾಟಿನಾಕಿ ಮಗಳ ಕೊಟ್ಳವ್ವ. ಸಕ್ಕರಿ ಭಾಳ ಹಾಕಿದ್ಳು."

ರೇಣುಕಾ ನನ್ನತ್ತ ನೋಡಿದಳು. ಎದ್ದು ಸಿಸ್ಟರಿಗೆ ಹೇಳಿದಳು. ಆಪರೇಷನ್ ಮರುದಿನಕ್ಕೆ ಹೋಯಿತು. "ಅರ್ಧ ಕಪ್ ಚಹಾಕ್ಕ ಆಪರೇಷನ್ ನಿಲ್ಲಸ್ತಾರೇನ? ಎಂಥಾ ಮಂದಿ ಇವ್ರು" ಎಂದು ದೊಡ್ಡವ್ವ ಇಡೀ ದಿನ ನನ್ನನ್ನು ಬೈದಳು. ಅಷ್ಟು ಸಂತೋಷದಿಂದ ನಾನು ಯಾರ ಬೈಗುಳವನ್ನೂ ಕೇಳಿಲ್ಲ. ಮರುದಿನ ಅವಳು ಸಿಟ್ಟು ಮತ್ತು ನಿಜವಾದ ಖಾಲಿ ಹೊಟ್ಟೆ ಹೊತ್ತು ಒಳಗೆ ಹೋದಳು. ಸುಖವಾಗಿ ಹೊರಗೆ ಬಂದಳು.

ರೇಣುಕಾಳಿಗೂ ಮೇಡಂಗೂ ಉಪಕಾರ ಹೇಳಲು ಹೋದೆ. ಊರವರ ದನಿಯೆಲ್ಲ ಬರುವ ಗಂಟಲಿನಲ್ಲಿ ನನ್ನದೇ ದನಿ ಸರಿಯಾಗಿ ಬರಲಿಲ್ಲ. "ಮುಂದಿನ ಆಟಕ್ಕ ಲಗೂ ಬಾ" ಎಂದಷ್ಟೇ ಅಂದರು ಮೇಡಂ.

ಆಟದ ಸುದ್ದಿ ರೇಣುಕಾಳಿಂದ ದೊಡ್ಡವ್ವನ ಕಿವಿಗೂ ಬಿತ್ತು. ಚೇತರಿಸಿಕೊಂಡವಳು ಹಾಸಿಗೆಯಿಂದಲೇ ಹುಕುಂ ಮಾಡಿದಳು, "ಮಾಡಿ ತೋರ್ಸೋ ನನ್ನ." ತೋರಿಸಿದೆ. ಹೊಲಿಗೆ ಹಿಡಿದುಕೊಂಡು ನಕ್ಕಳು. ಆಮೇಲೆ ಗಂಭೀರಳಾಗಿ, "ಚಹಾ ತಪ್ಪೈತಿ. ನೀ ಸುರ್ ಅಂತ ಎಳೀತಿ. ನಾ ಊದಿ ಊದಿ ಕುಡೀತೇನಿ" ಎಂದಳು.

ಈಗ ಹೊಸ ವಿದ್ಯಾರ್ಥಿಗಳ ಮುಂದೆ ಆ ಪಾರ್ಟು ಮಾಡಿ, ಸತ್ತೆದ್ದು ಚಹಾ ತೋರಿಸುವಾಗ ಊದಿ ಊದಿ ಕುಡಿಯುತ್ತೇನೆ. ಇಷ್ಟು ಹೊತ್ತು ಯಾಕೆ ಊದುತ್ತಾನೆಂದು ಅವರಿಗೆ ಬೇಸರ. ಊದಲಿಕ್ಕೆ ದೊಡ್ಡವ್ವನಲ್ಲಿ ಇನ್ನೂ ಉಸಿರಿದೆಯಲ್ಲ, ನನಗೆ ಅವಸರವಿಲ್ಲ.