ಕಡಿಯದೆ ಬಂದ ಸಭೆ

ಬಿಳೇಕಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಸೇರುತ್ತಿದ್ದ ನಮ್ಮ ಬ್ಯಾಪ್ಟಿಸ್ಟ್ ಸಭೆಗೆ ಒಬ್ಬ ಪಾಸ್ಟರ್ ಇದ್ದರು. ಯೇಸುವಿನ ಶಿಷ್ಯರಿಂದ ತಮ್ಮವರೆಗೆ ಬ್ಯಾಪ್ಟಿಸ್ಟ್ ಸಭೆ ಒಮ್ಮೆಯೂ ಕಡಿಯದೆ ಬಂದಿದೆ ಎಂದು ನಂಬಿದ್ದರು. ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದ ನಾನು, ನಡುವಿನ ನೂರಾರು ವರ್ಷಗಳಿಗೆ ಪುರಾವೆ ಎಲ್ಲಿ ಎಂದು ಕೇಳಿದಾಗಲೆಲ್ಲ ಎರಡೂ ಕೈಯ ಬೆರಳುಗಳನ್ನು ಸರಪಳಿಯ ಕೊಂಡಿಗಳಂತೆ ಹೆಣೆದು ಜಗ್ಗಿ ತೋರಿಸುತ್ತಿದ್ದರು.

"ಪುರಾವೆ ಸುಟ್ಟುಹಾಕಿದ್ರು ಸಾರ್, ಸಭೆ ಸುಡಕ್ಕಾಗ್ಲಿಲ್ಲ."

ನಮ್ಮಲ್ಲಿ ದೀಕ್ಷಾಸ್ನಾನವೆಂದರೆ ದೊಡ್ಡವರಾಗಿ ನಂಬಿದ ಮೇಲೆ ನೀರಲ್ಲಿ ಪೂರ್ತಿ ಮುಳುಗಿ ಏಳುವುದು. ಬೇರೆ ಸಭೆಯಲ್ಲಿ ದೀಕ್ಷಾಸ್ನಾನ ಆದವರಿಗೆ ಅವರು, ಯೇಸುವಿನ ಕೊನೆಯ ಊಟದ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿ ಕೊಡುತ್ತಿರಲಿಲ್ಲ.

ಒಂದು ಭಾನುವಾರ ಅವರ ತಾಯಿ ಊರಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಆಕೆಯದು ಹಸುಗೂಸಿನ ತಲೆಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಡುವ ಬೇರೆ ಸಭೆ. ರೊಟ್ಟಿಯ ತಟ್ಟೆ ಹಿಡಿದು ಮಗ ಹತ್ತಿರ ಬಂದಾಗ ಆಕೆ ಕೈ ಚಾಚಿದರು.

"ಅಮ್ಮಾ, ನಿಂಗೆ ಕೊಡಕ್ಕಾಗಲ್ಲ," ಎಂದರು ಪಾಸ್ಟರ್ ಮೆಲ್ಲಗೆ.

"ಯೇಸಪ್ಪನ ಹೆಸರು ನಿಂಗೆ ಹೇಳ್ಕೊಟ್ಟಿದ್ದು ಯಾರೋ?"

ಪಾಸ್ಟರ್ ತಟ್ಟೆಯನ್ನು ಪಕ್ಕದವರ ಮುಂದೆ ಹಿಡಿದರು. ಎಲ್ಲರಿಗೂ ಕೊಟ್ಟು ಮುಗಿದ ಮೇಲೆ, ತಮ್ಮ ಪಾಲಿನ ತುಂಡನ್ನು ತಟ್ಟೆಯಲ್ಲೇ ಬಿಟ್ಟು, ಬಂದು ತಾಯಿಯ ಪಕ್ಕದಲ್ಲಿ ಕುಳಿತರು.