ಉಜ್ಜಿದ ಕೈಯ ಗುರುತು

ಬೆಳಕು ಹರಿಯುವ ಮುಂಚೆ ಅವಳು ಡ್ರಮ್ಮಿಗೆ ನೀರು ತುಂಬಿಸಿದ್ದಳು, ಹಾಲು ಕಾಯಿಸಿದ್ದಳು, ಸಿಂಕಿನಲ್ಲಿದ್ದ ಪಾತ್ರೆಗಳನ್ನೆಲ್ಲ ತಿಕ್ಕಿ ಬೋರಲು ಹಾಕಿದ್ದಳು, ಅನ್ನಕ್ಕಿಟ್ಟು ತರಕಾರಿ ಹೆಚ್ಚಿದ್ದಳು, ಅತ್ತೆಯ ಮೊಣಕಾಲಿಗೆ ಬಿಸಿನೀರಿನ ಚೀಲ ಕೊಟ್ಟಿದ್ದಳು, ಮಗಳ ಅಂಗಿಗೆ ಇಸ್ತ್ರಿ ಹಾಕಿದ್ದಳು, ಗಂಡನ ಬಲಗಣ್ಣಿಗೆ ಎರಡು ತೊಟ್ಟು ಔಷಧಿ ಬಿಟ್ಟಿದ್ದಳು. ಇದೆಲ್ಲ ದಿನವೂ ಇದ್ದದ್ದೇ. ಇವತ್ತು ಮಾತ್ರ ಇದೆಲ್ಲ ಮುಗಿದ ಮೇಲೆ ಅವಳಿಗೆ ಹೊರಗೆ ಹೋಗುವುದಿತ್ತು. ಕೈಚೀಲದಲ್ಲಿ ಭೂತಗನ್ನಡಿ ಇದೆಯೇ ಎಂದು ನಾಲ್ಕನೆಯ ಸಲ ಮುಟ್ಟಿ ನೋಡಿಕೊಂಡಳು.

ಮನೆಯ ಕೆಳಗೆ ಗಂಡನ ಹಳೇ ನಾಣ್ಯಗಳ ಅಂಗಡಿ. ಊರಿನ ನಾಣ್ಯ ಸಂಗ್ರಾಹಕರ ಸಂಘ ವರ್ಷಕ್ಕೊಮ್ಮೆ ಪ್ರದರ್ಶನ ಇಡುತ್ತದೆ. ಅಲ್ಲಿಗೆ ಬರುವ ಬೆಳ್ಳಿ ನಾಣ್ಯ ಯಾರೂ ಮುಟ್ಟದೆ ಉಳಿದದ್ದೋ, ತೊಳೆದು ಹೊಳಪು ಬರಿಸಿದ್ದೋ ಎಂದು ಚೀಟಿ ಬರೆಯುವವನು ಹನ್ನೊಂದು ವರ್ಷದಿಂದ ಅವನೇ. ನಿಜ ಹೇಳಬೇಕೆಂದರೆ, ನಾಣ್ಯಗಳು ಕರವಸ್ತ್ರದಲ್ಲಿ ಮೆಟ್ಟಿಲು ಹತ್ತಿ ಅಡುಗೆಮನೆಗೆ ಬರುತ್ತಿದ್ದವು. ಒಗ್ಗರಣೆಗೂ ಕುಕ್ಕರಿನ ಸೀಟಿಗೂ ನಡುವೆ ಅವಳು ಬಲ್ಬಿನ ಕೆಳಗೆ ಹಿಡಿದು ನೋಡಿ, "ಇದು ಸರಿ, ಇದು ದ್ರಾವಣದಲ್ಲಿ ಅದ್ದಿದ್ದು" ಎನ್ನುತ್ತಿದ್ದಳು. ಅವನು ಕೆಳಗಿಳಿದು ಬರೆಯುತ್ತಿದ್ದ.

ಈ ಸಲ ಅವನಿಗೆ ಕಣ್ಣಿನ ಪೊರೆ ತೆಗೆದಿದ್ದರು. ಅವಳು ನಾಣ್ಯ ನೋಡಿ ಹೇಳುವುದನ್ನು ಒಮ್ಮೆ ಕಂಡಿದ್ದ ಸಂಘದ ಕಾರ್ಯದರ್ಶಿ ಬೇರೆ ದಾರಿಯಿಲ್ಲದೆ ಅವಳನ್ನೇ ಕರೆದಿದ್ದರು. "ಇವತ್ತೊಂದು ದಿನ ಸರಿಯಾಗಿ ನಡೆದ್ರೆ ಮುಂದಕ್ಕೂ ನೀವೇ ಪರೀಕ್ಷಕರು, ನಿಮ್ಮ ಹೆಸರಲ್ಲೇ" ಎಂದಿದ್ದರು. ಆ ಮಾತು ಮೂರು ದಿನದಿಂದ ಅವಳ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

"ಏನಮ್ಮಾ ಪರೀಕ್ಷಕಿ," ಎಂದರು ಅತ್ತೆ, ಮೊಣಕಾಲು ನೀವಿಕೊಳ್ಳುತ್ತ. "ಅಲ್ಲಿರೋ ನಾಣ್ಯನೆಲ್ಲ ತೊಳೆದಿಟ್ಟು ಬಂದುಬಿಡಬೇಡ ಮತ್ತೆ."

"ಇಲ್ಲ ಅತ್ತೆ, ಮನೇಲೇ ಸಾಕಷ್ಟಿದೆ ತೊಳೆಯೋದು."

ಮೂವತ್ತು ವರ್ಷದ ಹಳೆಯ ಚುಚ್ಚು ಅದು. ಮದುವೆಯಾದ ಹೊಸದರಲ್ಲಿ, ಮಾವನ ಪೆಟ್ಟಿಗೆಯಲ್ಲಿದ್ದ ಏಳು ಕಪ್ಪು ನಾಣ್ಯಗಳನ್ನು ಅವಳು ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಿ, ಸಾಲದು ಎಂದು ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿ, ಫಳಫಳ ಹೊಳೆಯುವಂತೆ ಮಾಡಿ ಮಾವನ ಮುಂದಿಟ್ಟಿದ್ದಳು. ಶಹಬ್ಬಾಸ್ ಎನ್ನುತ್ತಾರೆಂದು ಕಾದಿದ್ದಳು. ಮಾವ ತಲೆಯ ಮೇಲೆ ಕೈಹೊತ್ತು ಕೂತರು. ನೂರು ವರ್ಷ ಕೂತ ಆ ಕಪ್ಪೇ ನಾಣ್ಯದ ಬೆಲೆ ಎಂದು ಅವಳಿಗೆ ಹೇಳಿದವರಾರು? "ಏಳನ್ನೂ ಅಕ್ಕಸಾಲಿಗನ ಹತ್ರ ಕರಗಿಸಿಬಿಟ್ಟೆ" ಎಂದಿದ್ದ ಗಂಡ. ಅಂದಿನಿಂದ ನೆಂಟರು ಬಂದಾಗೆಲ್ಲ ಅತ್ತೆ, "ನಮ್ಮ ಸೊಸೆ ತುಂಬಾ ಚೊಕ್ಕಟ, ಮಾವನ ಮಾನಾನೂ ತೊಳೆದಿಟ್ಟಳು" ಎನ್ನುವರು. ತಾನು ಕೆಡಿಸಿದ್ದಾದರೂ ಏನು ಎಂದು ತಿಳಿಯುವ ಹಟಕ್ಕೆ ಬಿದ್ದು ಅವಳು ಕಲಿತದ್ದು ಈ ವಿದ್ಯೆ.

ಹೊರಡುವಾಗ ಗಂಡ ಬಾಗಿಲವರೆಗೂ ಬಂದ. "ನೋಡು, ನಮ್ಮ ಸಂಘದಲ್ಲಿರೋ ವೈದ್ಯರು ಒಂದು ದೊಡ್ಡ ನಾಣ್ಯ ತರ್ತಾರೆ. ಅದಕ್ಕೆ ನನ್ನದೇ ಹಳೇ ಚೀಟಿ ಇದೆ. ಅದನ್ನ ಜಾಸ್ತಿ ತಿರುಗಿಸಿ ನೋಡೋದು ಬೇಡ."

"ಯಾಕ್ರೀ?"

"ಟೈಮ್ ವೇಸ್ಟು ಅಂತ ಅಷ್ಟೇ."

ಸಭಾಂಗಣದಲ್ಲಿ ಅವಳಿಗೊಂದು ಮೇಜು, ಒಂದು ದೀಪ. ಕೂತವಳು ಒರೆಸಿದ್ದ ಭೂತಗನ್ನಡಿಯನ್ನೇ ಮತ್ತೆ ಮತ್ತೆ ಒರೆಸಿದಳು. ಆದರೆ ಮೊದಲ ನಾಣ್ಯ ಬೆರಳಿಗೆ ಬಂದದ್ದೇ ತಡ, ಎಲ್ಲ ಮರೆತುಹೋಯಿತು. ಅಂಚನ್ನಷ್ಟೇ ಹಿಡಿದು ದೀಪದ ಕೆಳಗೆ ಮೆಲ್ಲಗೆ ವಾಲಿಸಿದಳು. ಚಕ್ರದ ಕಡ್ಡಿಗಳ ಹಾಗೆ ಬೆಳಕು ನಾಣ್ಯದ ಮೇಲೆ ಸುತ್ತಿತು. ಮುಟ್ಟದ್ದು! ಅಕ್ಷರಗಳ ಸಂದಿಯಿಂದ ಜೇನಿನ ಬಣ್ಣ ತಾನೇ ತಾನಾಗಿ ಹರಡಿ ಬಂದಿತ್ತು. ಅವಳಿಗೆ ನಗು ಉಕ್ಕಿತು.

ಎರಡನೆಯದನ್ನು ತಂದ ಆಭರಣ ವ್ಯಾಪಾರಿ ಕೇಳಿದ, "ಏನಮ್ಮಾ, ಅಡುಗೆಮನೆ ಬಿಟ್ಟು ಬಂದುಬಿಟ್ರಾ?"

"ಬಿಟ್ಟಿಲ್ಲಣ್ಣ, ಜೊತೇಲೇ ತಂದಿದೀನಿ. ನಿಮ್ಮ ನಾಣ್ಯ ಅದ್ದಿದ್ದು."

"ಅಷ್ಟು ಬೆಳ್ಳಗಿದೆಯಲ್ಲ!"

"ಬೆಳ್ಳಗಿರೋದೆಲ್ಲ ಹಾಲಲ್ಲಣ್ಣ. ವಾಲಿಸಿ ನೋಡಿ, ಬೆಳಕು ಸುತ್ತೋದೇ ಇಲ್ಲ, ಸತ್ತು ಬಿದ್ದಿದೆ. ದ್ರಾವಣ ಮೇಲಿನ ಪದರಾನೇ ತಿಂದುಹಾಕಿದೆ."

ಸುತ್ತ ಜನ ಸೇರಿದರು. ಹತ್ತು, ಇಪ್ಪತ್ತು, ಮೂವತ್ತು. ಅವಳು ಹೇಳುತ್ತಲೇ ಹೋದಳು, ಕಾರ್ಯದರ್ಶಿ ತಲೆದೂಗುತ್ತಲೇ ಇದ್ದರು. ಕೊನೆಗೆ ವೈದ್ಯರು ಮಖಮಲ್ಲಿನ ಡಬ್ಬಿ ತೆರೆದರು.

ದೊಡ್ಡ ನಾಣ್ಯ. ಮೇಲೆ ನೀಲಿ ಬೆರೆತ ಮಂದ ಕಪ್ಪು, ಅಂದವಾಗಿಯೇ ಇತ್ತು. ಜೊತೆಗೆ ಗಂಡನ ಕೈಬರಹದ ಚೀಟಿ: ಮುಟ್ಟದ್ದು. ಅವಳು ವಾಲಿಸಿದಳು. ಬೆಳಕು ಸುತ್ತಲಿಲ್ಲ. ಭೂತಗನ್ನಡಿ ಹಿಡಿದಳು. ಕಪ್ಪಿನ ಅಡಿಯಲ್ಲಿ ಕೂದಲೆಳೆಯಂಥ ಗೆರೆಗಳು. ಮೊದಲು ಉಜ್ಜಿದ್ದು, ಆಮೇಲೆ ಬೇಕೆಂದೇ ಕಪ್ಪಾಗಿಸಿದ್ದು.

ಗೆರೆಗಳು ವಾಲಿದ್ದು ಮಾತ್ರ ಎಲ್ಲರಂತಲ್ಲ. ಬಲಗೈಯವರು ಉಜ್ಜಿದರೆ ಗೆರೆ ಬಲಕ್ಕೆ ಏರುತ್ತದೆ. ಇವು ಎಡಕ್ಕೆ ಏರಿದ್ದವು. ಅವಳ ಸ್ಟೀಲ್ ತಟ್ಟೆಗಳ ಮೇಲೆ ಇರುವಂತೆ, ಅವಳ ಬಾಣಲೆಯ ತಳದಲ್ಲಿ ಇರುವಂತೆ. ಎಡಚಿ ಅವಳು. ಅಂದು ನಾಣ್ಯದ ಮೇಲಿನ ರಾಜನ ಮುಖವನ್ನು ಅಡ್ಡ ಮಲಗಿಸಿ ಉಜ್ಜಲು ಮನಸ್ಸು ಬಾರದೆ ನೆಟ್ಟಗೆ ಹಿಡಿದೇ ಉಜ್ಜಿದ್ದಳು. ಹಾಗಾದರೆ ರಾಜನ ಗದ್ದದ ಕೆಳಗೆ, ಅಂಚಿನಲ್ಲಿ... ಇತ್ತು! ಸೋಪಿನ ಕೈಯಿಂದ ಜಾರಿ ಸಿಂಕಿನ ಅಂಚಿಗೆ ಬಡಿದಾಗ ಆದ ಅಕ್ಕಿಕಾಳಿನಷ್ಟು ತಗ್ಗು.

ಮಾವನ ಆ ಏಳರಲ್ಲೊಂದು, ಕರಗಿರಲಿಲ್ಲ! ಮೂವತ್ತು ವರ್ಷ ಅವಳು ಬೈಸಿಕೊಂಡ ನಾಣ್ಯ ಗಟ್ಟಿಮುಟ್ಟಾಗಿ ಅವಳ ಅಂಗೈಯಲ್ಲಿತ್ತು. ಗಂಡ ಅದನ್ನು ಅವಳಿಗೆ ತೋರಿಸದೆ ಕಪ್ಪಾಗಿಸಿ, ಚೀಟಿ ಬರೆದು ಮಾರಿದ್ದ. ಕಳೆದುಹೋದ ಕೂಸು ಸಿಕ್ಕಂತೆ ಅವಳ ಮೈಯೆಲ್ಲ ಜುಮ್ಮೆಂದಿತು. ಅದರ ಬೆನ್ನಿಗೇ ಕಿವಿ ಬಿಸಿಯಾಯಿತು.

"ಇದಕ್ಕೆ ನಿಮ್ಮ ಯಜಮಾನರದೇ ಚೀಟಿ ಇದೆಯಲ್ಲ ಮೇಡಂ," ಎಂದರು ಕಾರ್ಯದರ್ಶಿ. "ಅದನ್ನೇ ಬರೆದು ಸಹಿ ಹಾಕಿ ಸಾಕು. ಆಮೇಲೆ ನಿಮ್ಮ ನೇಮಕಾತಿ ಓದ್ಬಿಡ್ತೀನಿ."

'ಮುಟ್ಟದ್ದು' ಎಂದು ಬರೆದರೆ ಕುರ್ಚಿ ಅವಳದು. 'ತೊಳೆದದ್ದು' ಎಂದರೆ ಗಂಡನ ಹನ್ನೊಂದು ವರ್ಷದ ಚೀಟಿಗಳನ್ನೆಲ್ಲ ಜನ ಅನುಮಾನಿಸುತ್ತಾರೆ, ಅವನ ಹೆಂಡತಿಯನ್ನು ಅಲ್ಲಿ ಕೂರಿಸುವವರಾರು? ಕೈಚೀಲದಲ್ಲಿ ಫೋನು ಅದುರಿತು. ಗಂಡನದು. ಅವಳು ಎತ್ತಲಿಲ್ಲ.

ಎಡಗೈಗೆ ಪೆನ್ನು ತೆಗೆದುಕೊಂಡಳು. ಹೊಸ ಚೀಟಿಯ ಮೇಲೆ ದಪ್ಪಕ್ಷರದಲ್ಲಿ 'ತೊಳೆದದ್ದು' ಎಂದು ಬರೆದಳು. ಪರೀಕ್ಷಿಸಿದವರು ಎಂಬಲ್ಲಿ ತನ್ನ ಹೆಸರು ಹಾಕಿದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕೆಳಗೆ ಇನ್ನೊಂದು ಸಾಲಿನ ಜಾಗವಿತ್ತು. ಅಲ್ಲಿ, 'ತೊಳೆದವರು' ಎಂದು ತಾನೇ ಸೇರಿಸಿ, ಅದರ ಮುಂದೆಯೂ ತನ್ನ ಹೆಸರನ್ನೇ ಬರೆದು, ಚೀಟಿಯನ್ನು ಎಲ್ಲರಿಗೂ ಕಾಣುವಂತೆ ದೀಪದ ಕೆಳಗೆ ಸರಿಸಿದಳು.